ಬಿಲ್ಲು, ಬುಟ್ಟಿ ಮತ್ತು ಮುಚ್ಚಿದ ಬಾಗಿಲು

ಜಪಾನಿನ ಅಂಗಡಿ ಬಾಗಿಲುಗಳ ಮೇಲೆ ಒಂದು ಅಕ್ಷರ ಕಾಣಿಸುತ್ತದೆ. ಎಡಗಡೆ ಬಿಲ್ಲಿನ ಗುರುತು, ಪಕ್ಕದಲ್ಲಿ ನೆಟ್ಟಗೆ ಒಂದು ಗೆರೆ. 'ಎಳೆಯಿರಿ' ಅಂತ ಅರ್ಥ. ಶಾಲೆ, ಕೆಲಸ, ಗೆಳೆಯರನ್ನು ಬಿಟ್ಟು ತಿಂಗಳುಗಟ್ಟಲೆ ಮನೆಯೊಳಗೇ ಉಳಿದುಬಿಡುವುದಕ್ಕೆ ಜಪಾನೀಯರು ಹೇಳುವ 'ಹಿಕಿಕೊಮೊರಿ' ಎಂಬ ಪದವೂ ಇದೇ ಅಕ್ಷರದಿಂದ ಶುರುವಾಗುತ್ತದೆ. 'ಹಿಕು' ಅಂದರೆ ಎಳೆ, ಹಿಂದೆ ಸರಿ. 'ಕೊಮೊರು' ಅಂದರೆ ಒಳಗೆ ಸೇರಿಕೊಂಡು ಅಲ್ಲೇ ಉಳಿದುಬಿಡು. ಈ ಎರಡನೆಯ ಪದವನ್ನು ಚಿತ್ರಲಿಪಿಯಲ್ಲಿ ಬರೆದರೆ ತಲೆಯ ಮೇಲೆ ಬಿದಿರಿನ ಗುರುತು ಬರುತ್ತದೆ. ಬುಟ್ಟಿಗೂ ಹಕ್ಕಿಯ ಪಂಜರಕ್ಕೂ ಅದೇ ಅಕ್ಷರ.

ಪಂಜರ ಅಂದ ತಕ್ಷಣ ಇದು ಬೈಗುಳ ಅಂದುಕೊಳ್ಳಬೇಡಿ. ಚಳಿಗಾಲ ಕಳೆಯುವವರೆಗೆ ಮನೆಯೊಳಗೇ ಇದ್ದುಬಿಡುವುದನ್ನು ಜಪಾನೀಯರು 'ಫುಯುಗೊಮೊರಿ' ಅನ್ನುತ್ತಾರೆ. ಹೈಕು ಕವಿಗಳಿಗೆ ಅದು ತುಂಬಾ ಬೇಕಾದ ಪದ. ದೇಗುಲದಲ್ಲೇ ಕೆಲವು ದಿನ ಉಳಿದು ಪ್ರಾರ್ಥಿಸುವುದಕ್ಕೂ 'ಕೊಮೊರು' ಅಂತಲೇ ಹೇಳುತ್ತಿದ್ದರು. ಒಳಗೆ ಸೇರುವುದರಲ್ಲಿ ಒಂದು ರಕ್ಷಣೆ ಇದೆ ಎಂಬುದು ಆ ಮಾತಿಗೆ ಮೊದಲಿಂದಲೂ ಗೊತ್ತು.

ಇಷ್ಟು ಕೇಳಿದರೆ ಅಪ್ಪಟ ಜಪಾನಿ ಪದ ಅನ್ನಿಸುತ್ತದೆ, ಅಲ್ವಾ? ಆದರೆ ಮನೋವೈದ್ಯರ ಬಾಯಿಗೆ ಅದು ಬಂದದ್ದು ಇಂಗ್ಲಿಷಿನ ದಾರಿಯಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಹೊರತರುವ ರೋಗಗಳ ಕೈಪಿಡಿಯಲ್ಲಿ 'ಸೋಷಿಯಲ್ ವಿತ್‌ಡ್ರಾವಲ್' (ಜನರಿಂದ ದೂರ ಸರಿಯುವುದು) ಒಂದು ರೋಗಲಕ್ಷಣ. ಅದರ ಜಪಾನಿ ಅನುವಾದವೇ 'ಶಾಕಾಯ್ತೆಕಿ ಹಿಕಿಕೊಮೊರಿ'. ಮನೋವೈದ್ಯ ಸೈತೊ ತಮಾಕಿ 1998ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಪದ ಮನೆಮಾತಾಯಿತು. 2010ರಲ್ಲಿ ಆಕ್ಸ್‌ಫರ್ಡ್ ನಿಘಂಟು ಅದನ್ನು ಇಂಗ್ಲಿಷಿಗೆ ಸೇರಿಸಿಕೊಂಡಿತು. 2022ರಲ್ಲಿ ಪರಿಷ್ಕರಿಸಿದ ಆ ಅಮೆರಿಕನ್ ಕೈಪಿಡಿಯಲ್ಲೇ ಹಿಕಿಕೊಮೊರಿಗೆ ಜಾಗ ಸಿಕ್ಕಿತು. ಹೊರಟ ಮನೆಗೇ ಬೇರೆ ಹೆಸರಿನಲ್ಲಿ ವಾಪಸ್ ಬಂದ ಪದ ಇದು.

ಸೈತೊ ಒತ್ತಿ ಹೇಳಿದ್ದು ಒಂದು ಮಾತು: ಇದು ರೋಗ ಅಲ್ಲ, ಒಂದು ಸ್ಥಿತಿ. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಮನೆಯಲ್ಲೇ ಉಳಿಯುವುದು, ಶಾಲೆ, ಕೆಲಸ, ಗೆಳೆಯರು ಯಾವುದೂ ಇಲ್ಲದಿರುವುದು, ಅದಕ್ಕೆ ಬೇರೊಂದು ಮನೋರೋಗ ಮುಖ್ಯ ಕಾರಣ ಅಲ್ಲದಿರುವುದು. ನನಗೆ ಈ ವ್ಯತ್ಯಾಸ ತುಂಬಾ ಮುಖ್ಯ ಅನ್ನಿಸುತ್ತದೆ. ರೋಗದ ಹೆಸರು ಅಂಟಿದರೆ ಜನ ಹೆದರುತ್ತಾರೆ. ಹೆಸರೇ ಇಲ್ಲದಿದ್ದರೆ 'ಸುಮ್ನೆ ಸೋಮಾರಿತನ, ಅಷ್ಟೇ' ಅಂದುಬಿಡುತ್ತಾರೆ. ಹೊರಗೆ ಬರಲು ಒದ್ದಾಡಿ, ಬರಲಾಗದೆ, ಅದಕ್ಕೇ ನಾಚಿಕೊಂಡು ಇನ್ನಷ್ಟು ಒಳಗೆ ಸರಿಯುವವರಿಗೆ ಸೋಮಾರಿ ಅನ್ನುವುದು ಅನ್ಯಾಯ. ಜಪಾನಿನಲ್ಲಿ 2000ದ ಸುಮಾರಿಗೆ ಕೆಲವು ಅಪರಾಧ ಸುದ್ದಿಗಳ ಜೊತೆ ಈ ಪದವನ್ನು ಸೇರಿಸಿ ಬರೆದರು. ಕೋಣೆಯೊಳಗಿದ್ದ ಲಕ್ಷಾಂತರ ನಿರುಪದ್ರವಿ ಜನರ ಮೇಲೂ ಆ ಮಸಿ ಬಿತ್ತು.

ಇದು ಹುಡುಗರ ಸಮಸ್ಯೆ ಅಂತ ಬಹಳ ಕಾಲ ನಂಬಿದ್ದರು. ಸರ್ಕಾರದ ಸಮೀಕ್ಷೆಗಳೂ 39ನೇ ವಯಸ್ಸಿಗೇ ನಿಲ್ಲುತ್ತಿದ್ದವು. 2016ರಲ್ಲಿ ಬಂದ ಅಂದಾಜು 5.41 ಲಕ್ಷ. ಆಮೇಲೆ 40ರಿಂದ 64ರವರನ್ನೂ ಕೇಳಿದರು. 2019ರಲ್ಲಿ ಉತ್ತರ ಬಂತು: ಆ ವಯಸ್ಸಿನವರಲ್ಲೇ 6.13 ಲಕ್ಷ! ಹುಡುಗರು ಕೋಣೆಯೊಳಗೇ ನಡುವಯಸ್ಸಿಗೆ ಬಂದಿದ್ದರು. ಕೆಲಸ ಕಳೆದುಕೊಂಡ ಮೇಲೆ, ನಡುವಯಸ್ಸಿನಲ್ಲೇ ಒಳಗೆ ಸೇರಿದವರೂ ಅವರಲ್ಲಿದ್ದರು.

ಅಮ್ಮ ಊಟದ ತಟ್ಟೆಯನ್ನು ಬಾಗಿಲ ಹೊರಗೆ ನೆಲದ ಮೇಲೆ ಇಟ್ಟು ಹೋಗುತ್ತಾಳೆ. ಹೆಜ್ಜೆ ಸದ್ದು ದೂರವಾದ ಮೇಲೆ ಬಾಗಿಲು ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಅದೇ ಜಾಗಕ್ಕೆ ಬರುತ್ತದೆ. ಈಗ ಎಷ್ಟೋ ಮನೆಗಳಲ್ಲಿ ತಟ್ಟೆ ಇಡುವವಳಿಗೆ ಎಂಬತ್ತು, ಒಳಗಿರುವ ಮಗನಿಗೆ ಐವತ್ತು. ಜಪಾನೀಯರು ಇದಕ್ಕೆ '8050 ಸಮಸ್ಯೆ' ಅಂತಲೇ ಹೆಸರಿಟ್ಟಿದ್ದಾರೆ.

ನೆರವು ಕೇಂದ್ರಗಳಿಗೆ ಮೊದಲು ಬರುವುದು ಹೆಚ್ಚಾಗಿ ಅಪ್ಪ ಅಮ್ಮಂದಿರೇ. ಹಾಗಾಗಿ ಕೆಲಸ ಶುರುವಾಗುವುದೂ ಅವರಿಂದಲೇ. ಬೈಯಬೇಡಿ, ಕೆಲಸದ ಮಾತು ತೆಗೆಯಬೇಡಿ, ಬಾಗಿಲು ಮುರಿಯಬೇಡಿ. ಬೆಳಿಗ್ಗೆ ಆ ಕೋಣೆಯ ಮುಂದೆ ಹಾಯುವಾಗ 'ಒಹಾಯೊ' (ಶುಭೋದಯ) ಅನ್ನಿ. ಒಳಗಿಂದ ಉತ್ತರ ಬಾರದಿದ್ದರೂ, ಮರುದಿನ ಮತ್ತೆ ಅನ್ನಿ.