ಪದ ಪರಿಚಯ: ರೆಡಿಮಿಕ್ಸ್ ಗಾರೆ

ಸಿಮೆಂಟ್, ಒಣಗಿಸಿ ಜರಡಿ ಹಿಡಿದ ಮರಳು, ಜೊತೆಗೆ ಗಾರೆಯ ನೀರು ಬೇಗ ಆರದಂತೆ ತಡೆಯುವ ಒಂದಿಷ್ಟು ಪುಡಿ. ಇವನ್ನು ಕಾರ್ಖಾನೆಯಲ್ಲೇ ತೂಗಿ ಬೆರೆಸಿ ಚೀಲಕ್ಕೆ ತುಂಬಿದರೆ ಅದು ರೆಡಿಮಿಕ್ಸ್ ಗಾರೆ. ಸಾಮಾನ್ಯವಾಗಿ 40 ಕೆಜಿ ಚೀಲದಲ್ಲಿ ಬರುತ್ತದೆ. ಗೋಡೆ ಕಟ್ಟುವಲ್ಲಿ ನೀರು ಹಾಕಿ ಕಲಸಿಕೊಳ್ಳುವುದಷ್ಟೇ ಕೆಲಸ. ಲಾರಿಯ ಮೇಲೆ ಡ್ರಮ್ ತಿರುಗಿಸುತ್ತಾ ಬರುವ ಆರ್‌ಎಂಸಿ, ಅಂದರೆ ರೆಡಿಮಿಕ್ಸ್ ಕಾಂಕ್ರೀಟು, ಇದಲ್ಲ. ಅದು ಜಲ್ಲಿ ಸೇರಿದ ಕಾಂಕ್ರೀಟು, ತಾರಸಿಗೆ, ಪಿಲ್ಲರ್‌ಗೆ.

ಆಳುಗಳ ಕೂಲಿ ಉಳಿಯುತ್ತದೆ ಎಂದೇ ಇದನ್ನು ಮಾರುವವರು ಹೇಳುತ್ತಾರೆ. ಕೊಡಗಿನಲ್ಲಿ ಅದಕ್ಕಿಂತ ದೊಡ್ಡ ಲಾಭ ಇರುವುದು ಮರಳಿನ ವಿಷಯದಲ್ಲಿ.

ಒಂಬತ್ತು ಇಂಚಿನ ಗೋಡೆಗೆ ಒಂದಕ್ಕೆ ಆರು (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು), ನಾಲ್ಕೂವರೆ ಇಂಚಿನದಕ್ಕೆ ಒಂದಕ್ಕೆ ನಾಲ್ಕು ಎಂಬುದು ರೂಢಿಯ ಲೆಕ್ಕ. ಇದನ್ನು ಅಳೆಯುವುದು ಬಾಂಡ್ಲಿಯಲ್ಲಿ, ಅಂದರೆ ಗಾತ್ರದಲ್ಲಿ. ಆದರೆ ತೇವದ ಮರಳು ಉಬ್ಬುತ್ತದೆ. ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ಒಂದನ್ನೊಂದು ದೂರ ತಳ್ಳುವುದರಿಂದ, ನೂರಕ್ಕೆ ಐದರಷ್ಟು ತೇವ ಇದ್ದರೂ ಗಾತ್ರ ಕಾಲು ಭಾಗ ಹೆಚ್ಚಬಹುದು. ಆಗ ಆರು ಬಾಂಡ್ಲಿ ಹಾಕಿದರೂ ಒಳಗೆ ಇರುವುದು ಐದಕ್ಕಿಂತ ಕಡಿಮೆ ಮರಳು. ಅದೇ ಮರಳು ಪೂರ್ತಿ ನೆನೆದು ತೊಯ್ದರೆ ಉಬ್ಬು ಇಳಿದು ಮತ್ತೆ ಒಣ ಮರಳಿನ ಗಾತ್ರಕ್ಕೇ ಬರುತ್ತದೆ. ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಳೆ ಬಿಡಿ, ಮಡಿಕೇರಿ ಕಡೆ ಮೇ ತಿಂಗಳ ಒಂದು ಸಂಜೆಯ ಮಳೆ ಸಾಕು: ನಿನ್ನೆಯ ಸಾಲಿಗೂ ಇಂದಿನ ಸಾಲಿಗೂ ಗಾರೆ ಬೇರೆ. ಸಿಮೆಂಟ್ ಹೆಚ್ಚಾದರೆ ಗೋಡೆ ಗಟ್ಟಿ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ದುಡ್ಡೂ ಹೋಗುತ್ತದೆ, ಗಾರೆ ಕುಗ್ಗಿ ಬಿರುಕೂ ಬಿಡುತ್ತದೆ.

ನಂಬಿಕೆ ಬಾರದಿದ್ದರೆ ನೇರ ಬದಿಯ ಗಾಜಿನ ಲೋಟಕ್ಕೆ ತೇವದ ಮರಳು ತುಂಬಿ, ಎಷ್ಟು ಎತ್ತರ ಇದೆ ಎಂದು ಗುರುತು ಹಾಕಿ. ಅದನ್ನು ಹೊರಗೆ ತೆಗೆದು, ಲೋಟಕ್ಕೆ ಅರ್ಧ ನೀರು ಹಾಕಿ, ಮರಳನ್ನು ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಬಿಟ್ಟು ಕಲಕಿ. ಮರಳು ಗುರುತಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೋ ಅಷ್ಟೂ ಸುಳ್ಳು ಅಳತೆ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡೂ ಹೀಗೇ ಉಬ್ಬುತ್ತದೆ. ರೆಡಿಮಿಕ್ಸ್‌ನಲ್ಲಿ ಒಣ ಮರಳನ್ನು ತೂಕದಲ್ಲಿ ಹಾಕಿರುವುದರಿಂದ ಈ ತಕರಾರೇ ಇಲ್ಲ.

ಹಾಗೆಂದು ಇಡೀ ಮನೆಗೆ ಚೀಲವೇ ತರಿಸಬೇಕೆಂದು ನಾನು ಹೇಳಲಾರೆ. ಚೀಲದ ತೂಕದಲ್ಲಿ ಬಹುಪಾಲು ಮರಳೇ. ಅದನ್ನು ಘಾಟಿ ಹತ್ತಿಸಿ, ಅಲ್ಲಿಂದ ಜೀಪಿನಲ್ಲಿ ತೋಟದೊಳಗೆ ಸಾಗಿಸುವ ಬಾಡಿಗೆ ನಿಮ್ಮದು. ಮರಳು ಒಟ್ಟಲು ಜಾಗ, ಮೇಲೆ ಹೊದಿಸಲು ಟಾರ್ಪಾಲು ಇದ್ದರೆ ಬೇಸಿಗೆಯಲ್ಲಿ ಸೈಟಿನ ಗಾರೆಯೇ ಅಗ್ಗ. ತೋಟದ ಕಾರ್ಮಿಕರ ಲೈನ್ ಮನೆಯ ರಿಪೇರಿ, ಬಚ್ಚಲಿನ ಅಡ್ಡಗೋಡೆ, ಮಳೆಗಾಲದಲ್ಲಿ ನಿಲ್ಲಿಸಲಾಗದ ಒಳಗಿನ ಕೆಲಸ, ಇಂಥವಕ್ಕೆ ಚೀಲ ಒಳ್ಳೆಯದು.

ಕೊಳ್ಳುವಾಗ ಒಂದು ಎಚ್ಚರ. ಒಳಗೆ ಗಾಳಿಗುಳ್ಳೆ ತುಂಬಿದ, ಹಗುರವಾದ ಎಎಸಿ ಕಾಂಕ್ರೀಟು ಬ್ಲಾಕಿಗೆಂದೇ ಬರುವ ತೆಳು ಗಾರೆ ಬೇರೆ, ಅದನ್ನು ಎರಡು ಮೂರು ಮಿಲಿಮೀಟರ್ ದಪ್ಪ ಬಳಿಯುತ್ತಾರೆ. ಬ್ಲಾಕು ಅಚ್ಚುಕಟ್ಟಾಗಿ ಇರುವುದರಿಂದ ಅಷ್ಟು ಸಾಕು. ಒರಟು ಮುಖದ ಕೆಂಪುಕಲ್ಲಿಗೋ ಸಾಮಾನ್ಯ ಇಟ್ಟಿಗೆಗೋ ಅದನ್ನು ಬಳಸಿದರೆ ಮಟ್ಟ ಸಿಗುವುದಿಲ್ಲ. ಅಲ್ಲಿ ಹತ್ತು ಮಿಲಿಮೀಟರ್ ಗಾರೆ ಬೇಕು.

ನೀರು ಚೀಲದ ಮೇಲೆ ಬರೆದಷ್ಟೇ. ಮೇಸ್ತ್ರಿಗಳು ಅಭ್ಯಾಸಬಲದಿಂದ ಒಂದು ಬೊಗಸೆ ಸಿಮೆಂಟ್ ಸೇರಿಸಲು ಹೊರಡುತ್ತಾರೆ, ಸೇರಿಸಿದರೆ ತೂಗಿ ಬೆರೆಸಿದ್ದೆಲ್ಲ ದಂಡ. ಸಾದಾ ಸಿಮೆಂಟ್ ಗಾರೆಗೆ ಕಲಸಿದ ಮೇಲೆ ಎರಡು ಗಂಟೆಯ ಆಯುಸ್ಸು. ಚೀಲದ ಗಾರೆಗೆ ಎಷ್ಟೆಂದು ಅದರ ಮೇಲೇ ಬರೆದಿರುತ್ತದೆ. ಅವಧಿ ಮೀರಿ ಬಿಗಿದದ್ದನ್ನು ನೀರು ಚಿಮುಕಿಸಿ ಮತ್ತೆ ಕಲಸಬಾರದು.

ನಮ್ಮ ಹವೆಯಲ್ಲಿ ಚೀಲವನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಯ ಮೇಲಿಟ್ಟು, ಪ್ಲಾಸ್ಟಿಕ್ ಹೊದಿಸಬೇಕು. ಒಡೆದ ಚೀಲವನ್ನು ಆ ದಿನವೇ ಮುಗಿಸಿ. ಒಳಗೆ ಗಟ್ಟಿ ಉಂಡೆ ಸಿಕ್ಕಿದರೆ ಅದನ್ನು ಪುಡಿ ಮಾಡಿ ಗೋಡೆಗೆ ಹಾಕಬೇಡಿ, ಅಂಗಳದ ಗುಂಡಿಗೆ ಹಾಕಿ.