ಬೆಂಗಳೂರಿಂದ ಊಟಿಗೆ: ಗೇಟಿನಿಂದ ಹಿಂದಕ್ಕೆ ಲೆಕ್ಕ

ರೋಡ್ ಟ್ರಿಪ್ ಪ್ಲಾನ್ ಮಾಡೋದು ಕಲಿಯುವವರಿಗೆ ಬೆಂಗಳೂರು–ಊಟಿ ದಾರಿಗಿಂತ ಒಳ್ಳೆ ಪಾಠ ಇಲ್ಲ ಅನ್ನಿಸುತ್ತದೆ. ದೂರ ಸುಮಾರು 270 ಕಿಲೋಮೀಟರ್. ಅಷ್ಟರಲ್ಲೇ ಎಕ್ಸ್‌ಪ್ರೆಸ್‌ವೇ, ಬಯಲಿನ ಹೆದ್ದಾರಿ, ಹುಲಿ ಕಾಡು, ಘಾಟಿ ಎಲ್ಲವೂ ಬರುತ್ತವೆ. ಒಂದೊಂದರಲ್ಲಿ ಒಂದೊಂದು ವೇಗ. ಹಾಗಾಗಿ ಕಿಲೋಮೀಟರ್ ಬದಿಗಿಟ್ಟು ಗಂಟೆ ಹಿಡಿದು ಲೆಕ್ಕ ಹಾಕಬೇಕು. ಅದನ್ನೂ ಕಾಡಿನ ಗೇಟಿನಿಂದ ಹಿಂದಕ್ಕೆ ಹಾಕಬೇಕು.

ಯಾಕೆ ಗೇಟಿನಿಂದ? ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. ರಾತ್ರಿ ಹೊತ್ತು ರಸ್ತೆ ದಾಟುವ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಅದಕ್ಕೇ 2009ರಲ್ಲಿ ಈ ನಿಯಮ ಬಂತು. ತುಂಬಾ ಸರಿಯಾದ ನಿಯಮ. ನಮ್ಮ ಪ್ಲಾನ್ ಅದಕ್ಕೆ ಹೊಂದಿಕೊಳ್ಳಬೇಕು.

ಹೋಗುವಾಗ ಕಷ್ಟ ಇಲ್ಲ. ಬೆಳಿಗ್ಗೆ 5ಕ್ಕೆ ಕೆಂಗೇರಿ ದಾಟಿದರೆ ತಿಂಡಿಗೆ ಮೈಸೂರು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗರಿಷ್ಠ ವೇಗ 100. ಬೈಕಿನವರು ಮಾತ್ರ ಗಮನಿಸಿ: 2023ರ ಆಗಸ್ಟ್‌ನಿಂದ ಅಲ್ಲಿ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಪೆಟ್ರೋಲನ್ನು ಗುಂಡ್ಲುಪೇಟೆಯಲ್ಲೇ ಹಾಕಿಸಿ, ಮುಂದೆ ಕಾಡು.

ಗಡಿ ದಾಟಿದ ಮೇಲೆ, ತಮಿಳುನಾಡಿನ ಮುದುಮಲೆ ಕಾಡಿನೊಳಗಿನ ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮಸಿನಗುಡಿ, ಅಲ್ಲಿಂದ ಊಟಿ ಸುಮಾರು 30 ಕಿಲೋಮೀಟರ್. ಆದರೆ ಈ ದಾರಿಯ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ, ಏರು ಬಹಳ ಕಡಿದು. ಇನ್ನೊಂದು ಕವಲು ಗೂಡಲೂರಿಗೆ. ಅದು ಹೆಚ್ಚುಕಮ್ಮಿ ಎರಡರಷ್ಟು ದೂರ, ಆದರೂ ಹೊಸ ಡ್ರೈವರ್‌ಗೆ ನಾನು ಹೇಳುವುದು ಇದನ್ನೇ. ಇಳಿಯುವಾಗಂತೂ ಗೂಡಲೂರೇ ಸರಿ, ಹೊರಗಿನ ಗಾಡಿಗಳಿಗೆ ಕಲ್ಲಟ್ಟಿಯಲ್ಲಿ ಇಳಿಯಲು ನಿರ್ಬಂಧ ಇದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ನಾಲ್ಕೈದು ತಿರುವಿಗೇ ಸುಟ್ಟ ವಾಸನೆ ಬರುತ್ತದೆ. ಬಂದರೆ ಬದಿಗೆ ನಿಲ್ಲಿಸಿ, ಆರಲು ಬಿಡಿ.

ಈಗ ಬರುವಾಗಿನ ಲೆಕ್ಕ, ಪಾಠ ಇರುವುದೇ ಇಲ್ಲಿ. ಭಾನುವಾರ ವಾಪಸ್ ಬರುತ್ತೀರಿ ಅಂದುಕೊಳ್ಳಿ, ಗೇಟು ಮುಚ್ಚುವುದು ರಾತ್ರಿ 9ಕ್ಕೆ. ಗಡಿಯ ಚೆಕ್‌ಪೋಸ್ಟ್ ಮುಟ್ಟುವುದು 7:30 ಅಂತ ಇಟ್ಟುಕೊಳ್ಳಿ. ಒಂದು ಪಂಕ್ಚರ್, ಒಂದು ಆನೆ ಹಿಂಡು, ಎರಡಕ್ಕೂ ಸಮಯ ಇರಬೇಕಲ್ವಾ? ಊಟಿಯಿಂದ ಗೂಡಲೂರು ಮೇಲೆ ಅಲ್ಲಿಗೆ ಬರಲು ರಜೆಯ ಜನಜಂಗುಳಿಯಲ್ಲಿ ಮೂರು ಗಂಟೆ ಹಿಡಿಯಿರಿ. ಅಂದರೆ ಊಟಿ ಬಿಡಬೇಕಾದ್ದು 4:30ಕ್ಕೆ. ಮಧ್ಯಾಹ್ನ ಊಟ ಆದ ಮೇಲೆ ಬೋಟಿಂಗ್ ಕ್ಯೂನಲ್ಲಿ ನಿಲ್ಲಬೇಕೋ ಬೇಡವೋ ಅನ್ನೋದು ಇದರಿಂದಲೇ ತೀರ್ಮಾನ ಆಗುತ್ತದೆ.

ಹೊರಡುವ ಮುಂಚೆ ಇನ್ನೊಂದು ಕೆಲಸ, ಇ-ಪಾಸ್, ಅಂದರೆ ಗಾಡಿಗೆ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶದ ಅನುಮತಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಇದು ಬೇಕು. 2025ರ ಬೇಸಿಗೆಯಲ್ಲಿ ವಾರದ ದಿನ 6,000, ವಾರಾಂತ್ಯ 8,000 ಗಾಡಿಗಳ ಮಿತಿಯನ್ನೂ ಹಾಕಿದ್ದರು. ಆದ್ದರಿಂದ ಮೊದಲು ಪಾಸ್, ಆಮೇಲೆ ರೂಮ್ ಬುಕಿಂಗ್.

ಅಭ್ಯಾಸಕ್ಕೆ ಇದೇ ಲೆಕ್ಕವನ್ನು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹಾಕಿ ನೋಡಿ. ಅಲ್ಲೂ ಬಂಡೀಪುರದ ಕಾಡೇ, ಅಲ್ಲೂ ರಾತ್ರಿ 9ಕ್ಕೇ ಗೇಟು.