ನಿಲ್ಲದ ಭೇದಿ, ಗುಲಾಬಿ ಚುಕ್ಕೆ

ಬೆಂಗಳೂರಿನಲ್ಲಿ ಹೊಟ್ಟೆ ಕೆಟ್ಟರೆ ಯಾರೂ ಕಾರಣ ಹುಡುಕಿಕೊಂಡು ಹೋಗುವುದಿಲ್ಲ. ನಿನ್ನೆಯ ಪಾನಿಪುರಿ, ಟ್ಯಾಂಕರ್ ನೀರು, ಯಾವ ಕಾಲದಲ್ಲೋ ತೊಳೆದ ಸಂಪು, ಯಾವುದಾದರೊಂದರ ತಲೆಗೆ ಕಟ್ಟಿ, ಮಜ್ಜಿಗೆ ಅನ್ನ ಉಂಡು ಮಲಗುತ್ತೇವೆ. ಎರಡು ದಿನದಲ್ಲಿ ವಾಸಿಯಾಗುತ್ತದೆ. ಹೊಗಳಿಕೆ ಮಜ್ಜಿಗೆಗೆ ಸಿಗುತ್ತದೆ, ಕೆಲಸ ಮಾಡಿದ್ದು ಬಿಳಿ ರಕ್ತಕಣಗಳು. ಆ ಪಡೆಯನ್ನು ಹುರಿಗೊಳಿಸುವ ಸಿಡಿ4 ಕಣಗಳನ್ನೇ ಎಚ್‌ಐವಿ ಕೊಲ್ಲುತ್ತಾ ಹೋಗುತ್ತದೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಕಣಗಳು ಸುಮಾರು 500ರಿಂದ 1,500 ಇರುತ್ತವೆ. ಇವು 100ಕ್ಕಿಂತ ಕೆಳಗಿಳಿದಾಗ ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ ಹೊಟ್ಟೆ ಸೇರಿದರೆ ಕಥೆಯೇ ಬೇರೆ. ಗಟ್ಟಿಮುಟ್ಟಾದವರನ್ನು ಒಂದೆರಡು ವಾರ ಕಾಡಿ ಬಿಡುವ ಅದೇ ಜೀವಿ ಇಲ್ಲಿ ತಿಂಗಳುಗಟ್ಟಲೆ ಝಾಂಡಾ ಊರುತ್ತದೆ. ನೀರಿನಂಥ ಭೇದಿ, ಒಣಗಿದ ನಾಲಿಗೆ, ಕರಗುವ ಮೈ. ಇಲಿಗಳಲ್ಲಿ ಇದನ್ನು 1907ರಲ್ಲೇ ಗುರುತಿಸಿದ್ದರು. ಮನುಷ್ಯರನ್ನೂ ಕಾಡುತ್ತದೆ ಎಂದು ತಿಳಿದದ್ದು 1976ರಲ್ಲಿ.

ಇದರ ಮೊಟ್ಟೆಯಂಥ ಕೋಶಕ್ಕೆ ಎಷ್ಟು ಗಟ್ಟಿ ಕವಚವೆಂದರೆ, ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿ ನೀರಿನ ಮೂಲಕವೇ ಸುಮಾರು 4 ಲಕ್ಷ ಜನರನ್ನು ಮಲಗಿಸಿತು. ಆದರೆ ಬೆಂಕಿಯ ಮುಂದೆ ಇದರ ಆಟ ನಡೆಯದು: ನೀರು ಒಂದು ನಿಮಿಷ ಕೊತಕೊತ ಕುದಿದರೆ ಸತ್ತುಹೋಗುತ್ತದೆ. ಸಿಡಿ4 ಕುಸಿದವರಿಗೆ ಕ್ಯಾನ್ ಮೇಲಿನ ಚೀಟಿಗಿಂತ ಒಲೆಯ ಮೇಲಿನ ಪಾತ್ರೆಯೇ ನಂಬಿಕಸ್ಥ ಎನ್ನುತ್ತೇನೆ ನಾನು.

ಇನ್ನೊಂದು ತೊಡಕು ಲ್ಯಾಬಿನಲ್ಲಿದೆ. ಮಾಮೂಲಿ ಮಲಪರೀಕ್ಷೆಯಲ್ಲಿ ಇದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ವರದಿಯಲ್ಲಿ 'ಏನೂ ಕಂಡಿಲ್ಲ' ಎಂದಿರುತ್ತದೆ. ಕ್ಷಯದ ಕಫಕ್ಕೆ ಹಾಕುವ ಬಣ್ಣವನ್ನೇ ತುಸು ಬದಲಿಸಿ ಹಾಕಿದರೆ, ಹಸಿರು ಇಲ್ಲವೇ ನೀಲಿ ಹಿನ್ನೆಲೆಯಲ್ಲಿ 4ರಿಂದ 6 ಮೈಕ್ರಾನ್‌ನ ಗುಲಾಬಿ ಚುಕ್ಕೆಗಳು ಎದ್ದು ಕಾಣುತ್ತವೆ. ಚುಕ್ಕೆಯ ಬದಲು ಅದರ ನಾಲ್ಕೈದು ಪಟ್ಟು ಉದ್ದದ ಅಂಡಾಕೃತಿ ಕಂಡರೆ ಅದೃಷ್ಟ ಎನ್ನಬೇಕು. ಅದು ಸಿಸ್ಟೋಐಸೋಸ್ಪೊರಾ ಎಂಬ ಬೇರೊಂದು ಪರಾವಲಂಬಿ, ಅಗ್ಗದ ಕೋಟ್ರೈಮಾಕ್ಸಜೋಲ್ ಮಾತ್ರೆಗೆ ಬಗ್ಗುತ್ತದೆ.

ಕ್ರಿಪ್ಟೋಸ್ಪೊರಿಡಿಯಂ ಬಗ್ಗುವುದಿಲ್ಲ. ಇರುವ ಒಂದು ಮದ್ದು ನಿಟಾಜೊಕ್ಸನೈಡ್ ಕೂಡ ರೋಗನಿರೋಧಕ ಶಕ್ತಿ ಇದ್ದವರಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕಾದವರಿಗೇ ಒದಗುವುದಿಲ್ಲ! ಹಾಗಾಗಿ ನೀರು, ಲವಣ ತುಂಬಿಕೊಡುತ್ತಾ ವೈದ್ಯರು ಮಾಡುವ ಮುಖ್ಯ ಕೆಲಸ ಎಚ್‌ಐವಿಯನ್ನು ಹತ್ತಿಕ್ಕುವುದು. ಅದಕ್ಕೆಂದೇ ಕೊಡುವ ಎಆರ್‌ಟಿ ಮಾತ್ರೆಗಳಿಂದ ಸಿಡಿ4 ಏರುತ್ತಿದ್ದಂತೆ ದೇಹ ತಾನೇ ಕರುಳನ್ನು ಶುಚಿ ಮಾಡಿಕೊಳ್ಳುತ್ತದೆ. ಈ ಮಾತ್ರೆಗಳನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಕೊಡಬೇಕೆಂಬ ನಿಯಮವಿದೆ.

ಕೋಟ್ರೈಮಾಕ್ಸಜೋಲ್‌ಗೆ ಇನ್ನೊಂದು ಕೆಲಸವೂ ಇದೆ: ಟಾಕ್ಸೋಪ್ಲಾಸ್ಮಾ ಎಂಬ ಮತ್ತೊಂದು ಪರಾವಲಂಬಿಯನ್ನು ತಡೆಯುವುದು. ಇದು ಹೊರಗಿನಿಂದ ಹೊಸದಾಗಿ ಬರಬೇಕೆಂದಿಲ್ಲ. ಎಂದೋ ಸರಿಯಾಗಿ ಬೇಯದ ಮಾಂಸದಿಂದಲೋ ಬೆಕ್ಕಿನ ಹೇಲು ಬೆರೆತ ಮಣ್ಣಿನಿಂದಲೋ ಒಳಸೇರಿ, ವರ್ಷಗಟ್ಟಲೆ ಸುಮ್ಮನಿದ್ದು, ಸಿಡಿ4 ಕುಸಿದಾಗ ಮಿದುಳಿನಲ್ಲಿ ಏಳುತ್ತದೆ. ತಲೆನೋವು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು. ಹಾಗೆಂದು ಸಾಕಿದ ಬೆಕ್ಕನ್ನು ಬೀದಿಗೆ ಅಟ್ಟಬೇಕಿಲ್ಲ. ಅದರ ಹೇಲಿನಲ್ಲಿರುವ ಕೋಶಗಳು ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಮನೆಯ ಬೇರೆ ಯಾರಾದರೂ ದಿನಾ ತಪ್ಪದೆ ಅದನ್ನು ಬಳಿದು ಹಾಕಿದರೆ ಆಯಿತು.